ಕೇಸ್ ಶೀಟ್ ಓದೋ ಸ್ಪೀಡು

ನಮಸ್ಕಾರ. ನಾನು ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾ ಹುಡುಗ್ರಿಗೆ ಪಾಠ ಮಾಡೋನು. ಪೇಷೆಂಟು ಡಿಸ್ಚಾರ್ಜ್ ಆಗಿ ಮನೆಗೆ ಹೋದ್ಮೇಲೆ ಅವರ ಕೇಸ್ ಶೀಟು ರೆಕಾರ್ಡ್ ರೂಮಿಗೆ ಬರುತ್ತೆ, ಅದನ್ನ ಓದಿ, ಕಾಗದ ಎಲ್ಲಾ ಇದ್ಯಾ ನೋಡಿ, ಕಾಯಿಲೆಗೆ ಐಸಿಡಿ ಕೋಡ್ ಹಾಕ್ಬೇಕು, ಅಂದ್ರೆ ಒಂದೊಂದು ಕಾಯಿಲೆಗೂ ಗೊತ್ತು ಮಾಡಿರೋ ಅಂತರರಾಷ್ಟ್ರೀಯ ಗುರುತು, ಬಿಪಿ ಇದ್ರೆ ಐ 10, ಟೈಪ್ 2 ಶುಗರ್ ಇದ್ರೆ ಇ 11, ಹಿಂಗೆ. ಟೇಬಲ್ ತುಂಬ ಫೈಲ್ ರಾಶಿ ಬಿದ್ದಿರುತ್ತೆ, ಹೊಸ ಹುಡುಗ್ರು ಒಂದೇ ಫೈಲ್ ಹಿಡ್ಕೊಂಡು ಅರ್ಧ ಗಂಟೆ ಕೂತಿರ್ತಾರೆ.

ಯಾಕಪ್ಪಾ ಅಂತ ಪಕ್ಕದಲ್ಲಿ ಕೂತು ನೋಡಿದ್ರೆ, ತುಟಿ ಅಲ್ಲಾಡ್ತಿರುತ್ತೆ! ಕನ್ನಡ ಮೀಡಿಯಂನಿಂದ ಬಂದೋರೇ ಜಾಸ್ತಿ, ಹೆಪಟೋಸ್ಪ್ಲೀನೋಮೆಗಲಿ ಅಂತ ಕಂಡ ತಕ್ಷಣ ಹೆ, ಪ, ಟೋ ಅಂತ ಕೂಡಿಸ್ಕೊಂಡು ಓದೋಕೆ ಶುರು, ಅಲ್ಲಿಗೆ ಗಾಡಿ ನಿಂತ್ಹೋಯ್ತು. ಅದಕ್ಕೇ ನಾನು ಮೊದಲ ತಿಂಗಳು ಸ್ಪೀಡ್ ಮಾತೇ ಎತ್ತಲ್ಲ, ಪದ ಮುರಿಯೋದು ಕಲಿಸ್ತೀನಿ. ಹೆಪಟೋ ಅಂದ್ರೆ ಲಿವರ್, ಸ್ಪ್ಲೀನೋ ಅಂದ್ರೆ ಗುಲ್ಮ, ಮೆಗಲಿ ಅಂದ್ರೆ ದೊಡ್ಡದಾಗಿರೋದು. ಮಾರನೇ ದಿನ ಕಾರ್ಡಿಯೋಮೆಗಲಿ ಬಂದ್ರೆ ಅವ್ರೇ ಹೇಳ್ತಾರೆ, ಹಾರ್ಟ್ ದೊಡ್ಡದಾಗಿದೆ ಸಾರ್ ಅಂತ. ತುಟಿ ತಾನಾಗೇ ಸುಮ್ನಾಗುತ್ತೆ.

ಆಮೇಲೆ ಎಲ್ಲಿ ಓಡ್ಬೇಕು ಎಲ್ಲಿ ನಿಲ್ಬೇಕು ಅನ್ನೋದು. ಟೆಂಪರೇಚರ್ ಚಾರ್ಟ್ ಮೇಲೆ ಕಣ್ಣು ಹಾಯಿಸಿದ್ರೆ ಸಾಕು, ಡಿಸ್ಚಾರ್ಜ್ ಸಮರಿ, ಓಟಿ (ಆಪರೇಷನ್ ಥಿಯೇಟರ್) ನೋಟ್ಸು, ಲ್ಯಾಬ್ ರಿಪೋರ್ಟು ಮಾತ್ರ ಒಂದಕ್ಕೊಂದು ತಾಳೆ ನೋಡ್ಲೇಬೇಕು. ನಿಮಿಷಕ್ಕೆ ಸಾವಿರ ಪದ ಓದಿಸ್ತೀವಿ ಅನ್ನೋ ಕೋರ್ಸ್‌ಗಳ ಮೇಲೆ ನಂಗೆ ನಂಬಿಕೆ ಅಷ್ಟಕ್ಕಷ್ಟೇ. ನಾನೇ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಭಾರೀ ಸ್ಪೀಡು ಅಂತ ಜಂಬ ಪಡ್ತಿದ್ದೆ, 'ಡೆಂಗಿ ರೂಲ್ಡ್ ಔಟ್' ಅಂತ ಬರೆದಿದ್ದಕ್ಕೆ ಡೆಂಗಿ ಕೋಡ್ ಹಾಕಿ ಕೂತಿದ್ದೆ, ಡೆಂಗಿ ಇಲ್ಲ ಅಂತ ಡಾಕ್ಟ್ರು ಬರೆದಿರೋದು, ನಾನು ಇದೆ ಅಂತ ಲೆಕ್ಕಕ್ಕೆ ಸೇರಿಸಿದ್ದು. ಈಗ ಹುಡುಗ್ರಿಗೆ ಹೆಸರು ಮರೆಮಾಡಿದ ಜೆರಾಕ್ಸ್ ಕೊಟ್ಟು 'ನೋ', 'ರೂಲ್ಡ್ ಔಟ್', ಪ್ರಶ್ನೆ ಗುರ್ತು ಎಲ್ಲೆಲ್ಲಿದ್ಯೋ ಅಲ್ಲೆಲ್ಲ ಸುತ್ತು ಹಾಕಿಸ್ತೀನಿ. ಒರಿಜಿನಲ್ ಮೇಲೆ ಗೀಚೋ ಹಂಗಿಲ್ಲ ನೋಡಿ, ಕೇಸಾದ್ರೆ ಕೋರ್ಟಿಗೆ ಹೋಗೋ ಕಾಗದ ಅದು.

ಮೊನ್ನೆ ಐದು ಫೈಲ್ ಕೊಟ್ಟು ಟೈಮ್ ಇಟ್ಟಿದ್ದೆ. ಎಲ್ರಿಗಿಂತ ಕೊನೇಲಿ ಮುಗಿಸಿದ ಹುಡುಗಿ ಮೆಲ್ಲಗೆ ಬಂದು, 'ಸಾರ್, ಸಮರೀಲಿ ಬಲಗಾಲು ಅಂತಿದೆ, ಎಕ್ಸ್‌ರೇ ರಿಪೋರ್ಟಲ್ಲಿ ಎಡಗಾಲು ಅಂತಿದೆ' ಅಂದ್ಳು. ಮೊದಲು ಮುಗಿಸಿದ ನಾಲ್ಕು ಜನ ತಮ್ಮ ಜೆರಾಕ್ಸ್ ಮತ್ತೆ ತೆಗೆದ್ರು.