ಕೈಗೆ ಎಟುಕುವ ಜಾಗವೇ ಸೆನ್ಸರ್‌ನ ಜಾಗವಲ್ಲ

ನಮಸ್ಕಾರ. ಎಕ್ಸಾಸ್ಟ್ ಪೈಪಿನ ತಳಕ್ಕೆ ಬೆಸೆದು, ವೈರು ನೆಲದ ಕಡೆಗೆ ನೇತಾಡುತ್ತಿರುವ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು, ಇಂಧನ ಹೆಚ್ಚೋ ಕಡಿಮೆಯೋ ಎಂದು ತಿಳಿಸುವ ಸಾಧನ) ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾರನ್ನು ಎತ್ತಿ ನಿಲ್ಲಿಸಿ, ಅಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಅದು ಅತ್ಯಂತ ಸುಲಭದ ಜಾಗ. ಡ್ರಿಲ್ ನೇರವಾಗಿ ಹೋಗುತ್ತದೆ, ಸ್ಪ್ಯಾನರ್ ಸಲೀಸಾಗಿ ತಿರುಗುತ್ತದೆ. ಆದರೆ ಸೆನ್ಸರ್‌ಗೆ ಅದಕ್ಕಿಂತ ಕೆಟ್ಟ ಜಾಗ ಪೈಪಿನಲ್ಲಿ ಮತ್ತೊಂದಿಲ್ಲ.

ಕಾರಣ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಪೈಪು ಕಾದಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಬೆಳಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿದಾಗ ಮಾತ್ರ ಹನಿಗಟ್ಟಿ, ಪೈಪಿನ ತಳದಲ್ಲಿ ಹರಿಯುತ್ತದೆ. ಈಗ ಒಳಗಿರುವ ಸೆನ್ಸರ್ ಅನ್ನು ನೆನಪಿಸಿಕೊಳ್ಳಿ. ಅದರ ಹೃದಯ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಇಂಧನ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದೂ ಅಳೆಯಬಲ್ಲ ವೈಡ್‌ಬ್ಯಾಂಡ್ ಸೆನ್ಸರ್‌ಗಳಲ್ಲಿ, ಉದಾಹರಣೆಗೆ ಬಾಷ್ ಕಂಪನಿಯ ಎಲ್‌ಎಸ್‌ಯು 4.9ರಲ್ಲಿ, ಒಳಗಿನ ಹೀಟರ್ ಅದನ್ನು ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ. ಕೆಂಪಗೆ ಕಾದ ಪಿಂಗಾಣಿಗೆ ತಣ್ಣೀರಿನ ಹನಿ ತಗುಲಿದರೆ ಏನಾಗುತ್ತದೆ? ಬಿರುಕು. ಆಮೇಲೆ ಸೆನ್ಸರ್ ಕಂಪನಿಯನ್ನು ಬಯ್ಯುತ್ತೇವೆ.

ಹಾಗಾದರೆ ಎಲ್ಲಿ? ಪೈಪನ್ನು ಅಡ್ಡಲಾಗಿ ಕತ್ತರಿಸಿದಂತೆ ಊಹಿಸಿಕೊಂಡು ಅದರ ಬಾಯನ್ನು ಗಡಿಯಾರದ ಮುಖದಂತೆ ನೋಡಿ. 10 ಗಂಟೆಯ ಜಾಗ ಅಥವಾ 2 ಗಂಟೆಯ ಜಾಗ ಸೆನ್ಸರ್‌ನದು. ಸರಿಯಾಗಿ 9 ಅಥವಾ 3 ಗಂಟೆಗೆ ಮಲಗಿಸುವುದೂ ತಪ್ಪು. ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಬೇಕು, ಆಗ ಒಳಗೆ ಹೊಕ್ಕ ನೀರು ನಿಲ್ಲದೆ ಜಾರಿ ಇಳಿಯುತ್ತದೆ. ನೆತ್ತಿಯ ಮೇಲೆ, ಅಂದರೆ 12ಕ್ಕೆ ನಿಲ್ಲಿಸುವುದನ್ನೂ ನಾನು ಒಪ್ಪುವುದಿಲ್ಲ. ಕಾರು ನಿಲ್ಲಿಸಿದ ಮೇಲೆ ಪೈಪಿನ ಕಾವು ನೇರ ಮೇಲೇರಿ ವೈರಿನ ಬುಡವನ್ನು ಬೇಯಿಸುತ್ತದೆ.

ಇನ್ನು ಪೈಪಿನ ಉದ್ದಕ್ಕೂ ಯಾವ ಜಾಗ ಎಂಬ ಪ್ರಶ್ನೆ. ‘ಇಂಜಿನ್ನಿಗೆ ಹತ್ತಿರವಾದಷ್ಟೂ ಒಳ್ಳೆಯದು’ ಎಂಬ ಮಾತನ್ನು ಇಂದಿಗೂ ಕೇಳುತ್ತೇನೆ. ಅದಕ್ಕೊಂದು ಚರಿತ್ರೆಯಿದೆ. 1976ರಲ್ಲಿ ಬಾಷ್ ತಯಾರಿಸಿದ ಮೊದಲ ಸೆನ್ಸರ್‌ಗಳು ವೋಲ್ವೋ ಕಾರುಗಳಲ್ಲಿ ಬಂದಾಗ ಅವುಗಳಲ್ಲಿ ಹೀಟರ್ ಇರಲಿಲ್ಲ. 300 ಡಿಗ್ರಿ ದಾಟುವವರೆಗೆ ಜಿರ್ಕೋನಿಯಾ ಮಾತೇ ಆಡುವುದಿಲ್ಲವಾದ್ದರಿಂದ ಇಂಜಿನ್ನಿನ ಬಿಸಿಯನ್ನೇ ನಂಬಿ ಹತ್ತಿರ ಕೂರಿಸಬೇಕಿತ್ತು. ಈಗ ಹೀಟರ್ ಇದೆ. ಈಗಿನ ಅಪಾಯ ತಿರುಗಾಮುರುಗ: ಸಿಲಿಂಡರ್‌ಗಳಿಂದ ಬರುವ ಕವಲು ಪೈಪುಗಳ ಜೋಡಣೆಯಾದ ಮ್ಯಾನಿಫೋಲ್ಡಿಗೆ ತೀರಾ ಹತ್ತಿರವಾದರೆ ಸೆನ್ಸರ್ ಸುಡುತ್ತದೆ. ಎಲ್‌ಎಸ್‌ಯು 4.9 ಸತತವಾಗಿ ತಾಳಿಕೊಳ್ಳುವ ಅನಿಲದ ಬಿಸಿ 930 ಡಿಗ್ರಿ, ಅಷ್ಟೇ.

ಹತ್ತಿರದಲ್ಲಿ ಇನ್ನೊಂದು ತೊಡಕೂ ಇದೆ. ಒಂದೇ ಸಿಲಿಂಡರ್‌ನ ಕವಲು ಪೈಪಿನಲ್ಲಿ ಕೂರಿಸಿದರೆ ಅದು ಆ ಒಂದು ಸಿಲಿಂಡರ್‌ನ ಸುದ್ದಿಯನ್ನಷ್ಟೇ ಹೇಳುತ್ತದೆ. ನಾಲ್ಕು ಸಿಲಿಂಡರ್‌ನ ಇಂಜಿನ್ನಿನಲ್ಲಿ ಅದರ ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ಸ್ವಲ್ಪ ಕಟ್ಟಿಕೊಂಡಿದ್ದರೆ, ಸೆನ್ಸರ್ ಇಂಧನ ಸಾಲದು ಎನ್ನುವುದರಿಂದ ಉಳಿದ ಮೂರಕ್ಕೂ ಸುಮ್ಮನೆ ಹೆಚ್ಚು ಇಂಧನ ಹೋಗುತ್ತದೆ. ಎಲ್ಲ ಕವಲುಗಳೂ ಕೂಡಿ, ಅನಿಲ ಚೆನ್ನಾಗಿ ಬೆರೆತ ಮೇಲಿನ ಜಾಗ ಬೇಕು. ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇದ್ದರೆ ಅದನ್ನು ದಾಟಿದ ಮೇಲೆ, ಏಕೆಂದರೆ ಅದಕ್ಕೆ ಮುಂಚಿನ ಒತ್ತಡ ಸೆನ್ಸರ್‌ನ ಅಳತೆಯನ್ನೇ ಕೆಡಿಸುತ್ತದೆ. ಹೊಗೆಯ ವಿಷವನ್ನು ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದಕ್ಕಿಂತ ಮೊದಲು.

ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ಸೋರಿಕೆಯ ಬಗ್ಗೆ. ಎಕ್ಸಾಸ್ಟ್ ಸೋರಿದರೆ ಹೊಗೆ ಹೊರಗೆ ಹೋಗುತ್ತದೆ, ಒಳಗೇನೂ ಬರುವುದಿಲ್ಲ ಎಂದು ನಾನೂ ನಂಬಿದ್ದೆ. ಆದರೆ ಅನಿಲ ಅಲೆಅಲೆಯಾಗಿ ಹೋಗುತ್ತದೆ. ಎರಡು ಅಲೆಗಳ ನಡುವೆ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿದು, ಬಿರುಕಿನಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅಳೆಯುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಹೊರಗಿನಿಂದ ಬಂದ ಆಮ್ಲಜನಕವನ್ನು ಕಂಡು ಅದು ‘ಇಂಧನ ಸಾಲದು’ ಎನ್ನುತ್ತದೆ. ಹೀಗೆ ನನ್ನ ಕಾರಿನಲ್ಲಿ ಎರಡು ವಾರ ಇಂಧನ ಏರಿಸುತ್ತಲೇ ಹೋದೆ. ಸ್ಪಾರ್ಕ್ ಪ್ಲಗ್‌ಗಳು ಮಸಿ ಹಿಡಿದು ಕಪ್ಪಾಗಿದ್ದವು, ಸೆನ್ಸರ್‌ನ ಮೀಟರ್ ಮಾತ್ರ ಇಂಧನದ ಕೊರತೆ ಎನ್ನುತ್ತಿತ್ತು. ಕೊನೆಗೆ ತಣ್ಣಗಿನ ಇಂಜಿನ್ನಿನ ಪೈಪಿಗೆ ಹಿಂದಿನಿಂದ ಗಾಳಿ ಊದಿ, ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿದೆ. ಸೆನ್ಸರ್‌ಗಿಂತ ಒಂದು ಗೇಣು ಮುಂಚೆ ಇದ್ದ ಗ್ಯಾಸ್ಕೆಟ್ ಬಳಿ ಗುಳ್ಳೆಗಳೆದ್ದವು. ಆದ್ದರಿಂದ ಹೇಳುತ್ತೇನೆ: ತೂತು ಕೊರೆಯುವ ಮೊದಲು ಅಲ್ಲಿಂದ ಇಂಜಿನ್‌ವರೆಗಿನ ಪ್ರತಿಯೊಂದು ಜೋಡಣೆಯನ್ನೂ ಪರೀಕ್ಷಿಸಿ. ಪೈಪಿನ ಹಿಂದಿನ ತುದಿಗೆ ಸಿಕ್ಕಿಸುವ ಕ್ಲ್ಯಾಂಪಿನ ಸೆನ್ಸರ್‌ಗಳ ಮೇಲೆ ನನಗೆ ಭರವಸೆ ಕಡಿಮೆಯಾಗಿರುವುದೂ ಇದಕ್ಕೇ. ಇಂಜಿನ್ ನಿಧಾನಕ್ಕೆ ಓಡುವಾಗ ಆ ಬಾಯಿಂದಲೂ ಗಾಳಿ ಒಳಗೆ ಬರುತ್ತದೆ.

ಕನ್ವರ್ಟರ್‌ನ ಹಿಂದಿರುವ ಎರಡನೆಯ ಸೆನ್ಸರ್ ಬಗ್ಗೆ ಒಂದು ಮಾತು. ಅದರ ಮುಖ್ಯ ಕೆಲಸ ಕನ್ವರ್ಟರ್ ಬದುಕಿದೆಯೇ ಎಂದು ನೋಡುವುದು. ನಡುವೆ ಒಂದು ಉದ್ದನೆಯ ಕೊಳವೆ ತುಂಡು ಸೇರಿಸಿ ಅದನ್ನು ಅನಿಲದಿಂದ ದೂರ ಎಳೆದರೆ ಎಚ್ಚರಿಕೆ ದೀಪ ಆರುತ್ತದೆ, ನಿಜ. ಸತ್ತ ಕನ್ವರ್ಟರ್ ಸತ್ತೇ ಇರುತ್ತದೆ, ವಿಷ ನಮ್ಮ ಹಿಂದೆ ಬರುವವರ ಎದೆ ಸೇರುತ್ತದೆ. ಆ ಕೆಲಸವನ್ನು ನಾನು ಮಾಡುವುದಿಲ್ಲ, ಮಾಡಿ ಎಂದು ಯಾರಿಗೂ ಹೇಳುವುದಿಲ್ಲ.

ಬೆಸುಗೆಯ ಹೊತ್ತಿನಲ್ಲಿ ಸೆನ್ಸರ್ ಅನ್ನು ಪೈಪಿನಲ್ಲಿ ಬಿಡಬೇಡಿ. ಸೆನ್ಸರ್ ಕೂರಿಸಲು ಪೈಪಿಗೆ ಬೆಸೆಯುವ ನಟ್‌ನ ಮರೆ (ತಿರುಪಿನ ಗೀರುಗಳು) ಕೆಡದಿರಲು 18 ಮಿಲಿಮೀಟರ್‌ನ ಹಳೆಯ ಸೆನ್ಸರ್ ಅಥವಾ ಬೋಲ್ಟ್ ತಿರುಗಿಸಿಡಿ. ಆ ನಟ್ ತೀರಾ ಎತ್ತರವಾಗಿದ್ದರೆ ಸೆನ್ಸರ್‌ನ ಮೂತಿ ಹರಿವಿಗೆ ತಲುಪದೆ ಗೂಡಿನಲ್ಲೇ ಉಳಿಯುತ್ತದೆ, ಗಮನಿಸಿ. ಕೂರಿಸಿದ ಮೇಲೆ ವಿದ್ಯುತ್ ಕೊಡದೆ ಕಾರು ಓಡಿಸಬೇಡಿ, ಹೀಟರ್ ಕಾಯಿಸದ ಮೂತಿಗೆ ಮಸಿ ಮೆತ್ತಿಕೊಳ್ಳುತ್ತದೆ.

ಮತ್ತೆ, ಗುರುತು ಹಾಕುವ ಮುನ್ನ ಹಳೆಯ ಸೆನ್ಸರ್ ಒಂದನ್ನು ಪೈಪಿನ ಹೊರಮೈಗೆ ಹಿಡಿದು ನೋಡಿ. ಮೇಲಿನ ತಗಡಿಗೆ, ಗೇರ್‌ಬಾಕ್ಸಿಗೆ, ತಿರುಗುವ ಶಾಫ್ಟಿಗೆ ತಾಗುತ್ತದೆಯೇ? ಇಂಜಿನ್ ಅಲುಗಾಡಿದಾಗ ವೈರು ಬಿಗಿಯುತ್ತದೆಯೇ? 2 ಗಂಟೆಯ ಕಡೆ ಜಾಗವಿಲ್ಲದಿದ್ದರೆ 10ರ ಕಡೆ ಹುಡುಕಿ. ಅಲ್ಲೂ ಇಲ್ಲದಿದ್ದರೆ ಒಂದು ಗೇಣು ಹಿಂದಕ್ಕೆ ಸರಿಯಿರಿ, ತಳಕ್ಕೆ ಮಾತ್ರ ಇಳಿಯಬೇಡಿ.