ಪಕ್ಕೆಲುಬು ಮುಟ್ಟಿ ನೋಡಿ

ನಮಸ್ಕಾರ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ನಾಯಿ ಕರೆತರುವವರು ಎದುರಾದರೆ ಮೊದಲು ಕೇಳುವುದು ಎರಡೇ ಪ್ರಶ್ನೆ. ಯಾವ ಬ್ರೀಡು? ವಯಸ್ಸೆಷ್ಟು? ಈ ಎರಡಕ್ಕೂ ಗಟ್ಟಿ ನಂಟಿದೆ. ಆದರೆ ನಾಯಿಯ ಆಯಸ್ಸು ಬ್ರೀಡಿಗೇ ಮುಗಿಯುವುದಿಲ್ಲ. ನಮ್ಮ ಕೈಯಲ್ಲೂ ಸಾಕಷ್ಟಿದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಅದನ್ನೇ.

ಮೊದಲು ಗಾತ್ರದ ವಿಷಯ. ಇಲಿಗಿಂತ ಆನೆ ಎಷ್ಟೋ ಪಟ್ಟು ಜಾಸ್ತಿ ಬದುಕುತ್ತದೆ. ದೊಡ್ಡ ಪ್ರಾಣಿಗೆ ದೊಡ್ಡ ಆಯಸ್ಸು, ಸಾಮಾನ್ಯವಾಗಿ. ನಾಯಿಗಳಲ್ಲಿ ಮಾತ್ರ ಇದು ತಲೆಕೆಳಗು. ಗ್ರೇಟ್ ಡೇನ್ 8-10 ವರ್ಷಕ್ಕೇ ಹೋಗಿಬಿಡುತ್ತದೆ, ಪುಟ್ಟ ಚಿವಾವಾ 14-15 ಮುಟ್ಟುವುದು ಏನೂ ಅಪರೂಪವಲ್ಲ. 2013ರಲ್ಲಿ ಜರ್ಮನಿಯ ಸಂಶೋಧಕರು 74 ತಳಿಗಳ ದಾಖಲೆ ಹಿಡಿದು ಲೆಕ್ಕ ಹಾಕಿದರು. ಮೈತೂಕ ಎರಡು ಕೆಜಿ ಹೆಚ್ಚಾದಂತೆ ಆಯಸ್ಸು ಸುಮಾರು ಒಂದು ತಿಂಗಳು ಕಡಿಮೆ. ದೊಡ್ಡ ನಾಯಿಗಳು ಬೇಗ ಸಾಯಲು ಮುಖ್ಯ ಕಾರಣ ಅವು ಬೇಗ ಮುದಿಯಾಗುವುದೇ ಎಂದು ಅವರು ಹೇಳಿದರು. ಐಜಿಎಫ್-1 ಎಂಬ ಹಾರ್ಮೋನು ದೊಡ್ಡ ನಾಯಿಗಳ ರಕ್ತದಲ್ಲಿ ಜಾಸ್ತಿ ಇರುತ್ತದೆ, ಪುಟ್ಟವುಗಳಲ್ಲಿ ಕಡಿಮೆ. ಮೈ ಬೆಳೆಸುವ ಈ ಹಾರ್ಮೋನಿಗೆ ಬೇಗ ಮುಪ್ಪು ತರುವುದರಲ್ಲೂ ಪಾಲಿರಬೇಕು ಎಂದು ಅನೇಕ ವಿಜ್ಞಾನಿಗಳು ನಂಬುತ್ತಾರೆ.

ಮೂತಿಯ ಆಕಾರವೂ ಅಷ್ಟೇ ಮುಖ್ಯ. 2024ರಲ್ಲಿ ಬ್ರಿಟನ್ನಿನಲ್ಲಿ 5.8 ಲಕ್ಷಕ್ಕೂ ಹೆಚ್ಚು ನಾಯಿಗಳ ಮಾಹಿತಿ ಸೇರಿಸಿ ನೋಡಿದಾಗ ಒಟ್ಟಾರೆ ಆಯಸ್ಸು 12.5 ವರ್ಷ ಎಂದು ಸಿಕ್ಕಿತು. ಚಪ್ಪಟೆ ಮೂತಿಯ ಫ್ರೆಂಚ್ ಬುಲ್‌ಡಾಗ್‌ಗೆ 9.8 ಮಾತ್ರ. ನಾಯಿಗೆ ನಮ್ಮಂತೆ ಮೈತುಂಬಾ ಬೆವರು ಬರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೂತಿಯನ್ನೇ ಒಳಗೆ ತಳ್ಳಿದ ಹಾಗೆ ತಳಿ ಬೆಳೆಸಿದ ಮೇಲೆ ಆ ದಾರಿಯೂ ಇಕ್ಕಟ್ಟು. ಏಪ್ರಿಲ್ ಮಧ್ಯಾಹ್ನ ಅಪಾರ್ಟ್‌ಮೆಂಟಿನ ಲಿಫ್ಟಿನಿಂದ ಕಾರಿನವರೆಗೆ ನಡೆಯುವಷ್ಟರಲ್ಲೇ ಗೊರಗೊರ ಸದ್ದು ಮಾಡುವ ನಾಯಿಗಳನ್ನು ನೀವೂ ನೋಡಿರುತ್ತೀರಿ. ಅದು ಮುದ್ದಾದ ಸದ್ದಲ್ಲ, ಉಸಿರಿಗೆ ಒದ್ದಾಟ. ಮುದ್ದು ಮುಖ ನೋಡಿ ಇಂಥ ಮರಿಯನ್ನು ಕೊಳ್ಳಬೇಡಿ ಎಂದು ನಾನು ಯಾರು ಕೇಳಿದರೂ ಹೇಳುತ್ತೇನೆ.

ಇನ್ನು ದಾಖಲೆ ಬರೆದ ನಾಯಿಗಳು. ಪೋರ್ಚುಗಲ್‌ನ ಬೋಬಿ ಹೆಸರು ಕೇಳಿರಬಹುದು. 31 ವರ್ಷ ಬದುಕಿ 2023ರ ಅಕ್ಟೋಬರ್‌ನಲ್ಲಿ ಸತ್ತಿತು ಎಂದು ಪತ್ರಿಕೆಗಳಲ್ಲಿ ಬಂತು. ಅದರ ತಳಿ ರಫೈರೋ ದೊ ಅಲೆಂತೆಜೊ, ದೊಡ್ಡ ಕಾವಲು ನಾಯಿ. ಅಂಥ ನಾಯಿಗೆ ಈ ವಯಸ್ಸೇ ಎಂದು ಪಶುವೈದ್ಯರು ಆಗಲೇ ತಲೆ ಅಲ್ಲಾಡಿಸಿದ್ದರು. 1999ರ ಹಳೆಯ ಫೋಟೋದಲ್ಲಿ ಪಾದ ಬಿಳಿ, ಕೊನೆಗಾಲದ ಬೋಬಿಗೆ ಹಾಗಿಲ್ಲವಲ್ಲ ಎಂಬ ಪ್ರಶ್ನೆಯೂ ಎದ್ದಿತು. ಕೊನೆಗೆ 2024ರ ಫೆಬ್ರವರಿಯಲ್ಲಿ ಗಿನ್ನೆಸ್‌ನವರು ಪುರಾವೆ ಸಾಲದು ಎಂದು, ಜಗತ್ತಿನಲ್ಲೇ ಅತಿ ಹೆಚ್ಚು ವರ್ಷ ಬದುಕಿದ ನಾಯಿ ಎಂಬ ಬಿರುದನ್ನು ವಾಪಸ್ ಪಡೆದರು. ಅದಕ್ಕೂ ಮೊದಲು ಆ ಬಿರುದು ಆಸ್ಟ್ರೇಲಿಯಾದ ಬ್ಲೂಯಿಗೆ ಇತ್ತು. ಅದು 1910ರಲ್ಲಿ ಹುಟ್ಟಿ 1939ರಲ್ಲಿ ಸತ್ತ ಕ್ಯಾಟಲ್ ಡಾಗ್. ದನ ಕುರಿ ಕಾಯುತ್ತಾ 29 ವರ್ಷ 5 ತಿಂಗಳು ಬದುಕಿತಂತೆ. ಇಂಥ ಒಂದೊಂದು ನಾಯಿಯ ಕಥೆ ಹಿಡಿದು ಅದು ತಿಂದಿದ್ದನ್ನೇ ನಮ್ಮ ನಾಯಿಗೂ ಹಾಕುವುದರಲ್ಲಿ ಅರ್ಥವಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ನಾಯಿ ಹೀಗೆ ಉಳಿದುಬಿಡುತ್ತದೆ, ಯಾಕೆ ಎಂದು ಅದನ್ನೊಂದನ್ನೇ ನೋಡಿ ತಿಳಿಯುವುದಿಲ್ಲ.

ತಿಳಿಯುವುದು ಹೀಗೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಊಟ ಕೊಟ್ಟು, ಸಾಯುವವರೆಗೂ ನೋಡಿಕೊಂಡರು. ಆಹಾರ ಒಂದೇ, ಅಳತೆ ಮಾತ್ರ ಬೇರೆ. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದವು ಸುಮಾರು 13 ವರ್ಷ, ಉಳಿದವು 11.2. ಹೆಚ್ಚುಕಡಿಮೆ ಎರಡು ವರ್ಷ! ಕೀಲುನೋವೂ ತಡವಾಗಿ ಬಂತು. ಯಾವ ಔಷಧಿಯೂ ಇಲ್ಲ, ದುಡ್ಡೂ ಇಲ್ಲ, ತಟ್ಟೆಯಲ್ಲಿ ಸ್ವಲ್ಪ ಕಡಿಮೆ, ಅಷ್ಟೇ.

ನಿಮ್ಮ ನಾಯಿಯನ್ನು ಇವತ್ತೇ ನೋಡಿ. ನಿಮ್ಮ ಅಂಗೈ ಕೆಳಮುಖ ಮಾಡಿ, ಬೆರಳು ಚಾಚಿ, ಅಂಗೈಯ ಹಿಂಬದಿಯ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ಮೂಳೆ ತೆಳು ಚರ್ಮದಡಿ ಸಿಗುತ್ತದೆ. ನಾಯಿಯ ಪಕ್ಕೆಲುಬು ಹೀಗೇ ಸಿಗಬೇಕು. ಮುಷ್ಟಿ ಕಟ್ಟಿದಾಗಿನ ಗೆಣ್ಣಿನಂತೆ ಎದ್ದು ಕಂಡರೆ ಬಡಕಲು. ಅಂಗೈಯ ಮೆತ್ತನೆ ಭಾಗದಂತೆ ಒತ್ತಿ ಹುಡುಕಬೇಕಾದರೆ ಬೊಜ್ಜು. ನಮ್ಮಲ್ಲಿ ಮೂರನೆಯದೇ ಜಾಸ್ತಿ, ಅಲ್ವಾ? ಅಜ್ಜಿ ಕೊಟ್ಟ ಹಾಲು ಅನ್ನ, ಮಗು ಕೊಟ್ಟ ಬಿಸ್ಕತ್ತು, ಊಟದ ಹೊತ್ತಿಗೆ ಮತ್ತೆ ಬಟ್ಟಲು ತುಂಬಾ. ಪ್ರೀತಿಯಿಂದ ಕೊಟ್ಟಿದ್ದು ನಿಜ, ಅದೂ ಲೆಕ್ಕಕ್ಕೆ ಸೇರಬೇಕು.

ಬೆಂಗಳೂರಿನಲ್ಲಿ ಇನ್ನೊಂದು ಶತ್ರು ಉಣ್ಣಿ. ಮಳೆಗಾಲ ಬಂತೆಂದರೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕಾಲರಿನ ಅಡಿ ಬೆರಳು ಹಾಕಿ ಹುಡುಕಿ. ಊಟ ಬಿಟ್ಟು ಮಂಕಾಗಿ ಮಲಗಿದರೆ ಮೇಲ್ತುಟಿ ಎತ್ತಿ ವಸಡು ನೋಡಿ. ಗುಲಾಬಿ ಹೋಗಿ ಬಿಳಿಚಿದ್ದರೆ ನಾಳೆ ನೋಡೋಣ ಎನ್ನಬೇಡಿ, ಅದು ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್ ಇರಬಹುದು. ಮೊದಲೇ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಶುರು ಮಾಡಿದರೆ ಹೆಚ್ಚಿನವು ಉಳಿಯುತ್ತವೆ.

ಬೀದಿ ನಾಯಿಗಳ ಕಥೆ ಬೇರೆ. ಪಶ್ಚಿಮ ಬಂಗಾಳದಲ್ಲಿ ಸಂಶೋಧಕರು 364 ಬೀದಿ ಮರಿಗಳನ್ನು ಹಿಂಬಾಲಿಸಿದರು. ಏಳು ತಿಂಗಳು ದಾಟಿದ್ದು ಶೇ. 19 ಮಾತ್ರ. ಸಾವಿನಲ್ಲಿ ಶೇ. 63ಕ್ಕೆ ಒಂದಲ್ಲ ಒಂದು ರೀತಿ ಮನುಷ್ಯರೇ ಕಾರಣ. ಇದನ್ನು ಓದಿದ ಮೇಲೆ, ರಸ್ತೆ ಪಕ್ಕ ಮಲಗಿರುವ ಪ್ರತಿಯೊಂದು ದೊಡ್ಡ ನಾಯಿಯೂ ನನಗೆ ಗೆದ್ದು ಬಂದ ಹಾಗೆ ಕಾಣುತ್ತದೆ. 2023ರ ಗಣತಿಯಲ್ಲಿ ನಮ್ಮ ಊರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಕಿವಿಯಂಚು ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಆಗಿದೆ ಎಂದು ಗುರುತು. ಅಮೆರಿಕದ ನಾಯಿ ಆಸ್ಪತ್ರೆಗಳ 40 ಸಾವಿರ ಸಾವುಗಳ ದಾಖಲೆ ನೋಡಿದಾಗ ಆಪರೇಷನ್ ಆದ ನಾಯಿಗಳ ಸರಾಸರಿ 9.4 ವರ್ಷ, ಆಗದವು 7.9. ಹಾಗಾಗಿ ನಿಮ್ಮ ಬೀದಿಯ ನಾಯಿಯನ್ನು ಎಬಿಸಿಗೆ, ಅಂದರೆ ಸಂತಾನಹರಣ ಆಪರೇಷನ್‌ಗೆ, ಹಿಡಿಯಲು ಬಂದರೆ ಜಗಳಕ್ಕೆ ನಿಲ್ಲಬೇಡಿ, ಅದನ್ನು ಮತ್ತೆ ಅದೇ ಜಾಗಕ್ಕೆ ತಂದು ಬಿಟ್ಟರೇ ಎಂದು ಮಾತ್ರ ನೋಡಿಕೊಳ್ಳಿ. ಗಾತ್ರ ಹದವಾಗಿ, ಮೂತಿ ಉದ್ದವಾಗಿ ಇರುವ ಈ ಇಂಡಿ, ಅಂದರೆ ನಮ್ಮ ನಾಡಿನ ಬೀದಿ ನಾಯಿ, ಮರಿಗಳಲ್ಲಿ ಒಂದನ್ನು ಮನೆಗೆ ತಂದು ಲಸಿಕೆ ಹಾಕಿಸಿದರೆ 14-15 ವರ್ಷ ಜೊತೆಗಿರುವುದು ದೊಡ್ಡ ಆಸೆಯೇನಲ್ಲ.

ಕೊನೆಗೆ ಮುದಿ ನಾಯಿ ಇರುವವರಿಗೆ ಒಂದು ಮಾತು. ವಯಸ್ಸಾಯ್ತು ಬಿಡಿ ಎಂದು ಸುಮ್ನೆ ಕೂರಬೇಡಿ. ಕಣ್ಣಿನ ಪಾಪೆ ನೀಲಿ ಮಬ್ಬಾಗುವುದು ಬಹಳ ಸಲ ವಯಸ್ಸಿನದ್ದೇ. ಆದರೆ ಬಟ್ಟಲು ಬಟ್ಟಲು ನೀರು ಕುಡಿಯುವುದು, ರಾತ್ರಿ ಮನೆಯೊಳಗೆ ಮೂತ್ರ ಮಾಡುವುದು, ಬಾಯಿ ವಾಸನೆ, ಇವು ವಯಸ್ಸಲ್ಲ, ಕಾಯಿಲೆ. ಕಿಡ್ನಿ ಇರಬಹುದು, ಸಕ್ಕರೆ ಇರಬಹುದು, ಹಲ್ಲು ಇರಬಹುದು. ಬೆಳಗಿನ ಮೊದಲ ಮೂತ್ರವನ್ನು ಸ್ವಚ್ಛ ಡಬ್ಬಿಯಲ್ಲಿ ಹಿಡಿದು ಡಾಕ್ಟರ ಹತ್ತಿರ ಒಯ್ಯಿರಿ. ಹಿಂದಿನ ದಿನ ಎಷ್ಟು ನೀರು ಕುಡಿಯಿತು ಎಂದು ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರು ಮೊದಲು ಕೇಳುವುದು ಅದನ್ನೇ.