ಗೋದಾಮಿನಲ್ಲಿ ಜನರಿಗೊಂದು ದಾರಿ, ಗಾಡಿಗೊಂದು ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ಕುಳಿತವರು ಯಾರಿರಬಹುದು ಎಂದು ಊಹಿಸಿಕೊಂಡೇ ಮಾತನಾಡುತ್ತಿದ್ದೇನೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗೋದಾಮುಗಳಲ್ಲಿ ಚೀಲ ಹೊರುವ ಹಮಾಲಿ ಅಣ್ಣಂದಿರು, ರಾಯಚೂರಿನಲ್ಲಿ ಹತ್ತಿ ಬೇಲ್ ಸಾಗಿಸುವ ಚಾಲಕರು, ತೋರಣಗಲ್ಲು, ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಮನೆಗೆ ಬಂದವರು, ಗೋದಾಮಿನ ನೆಲ ಗುಡಿಸಿ ಸೋರಿದ ಕಾಳು ಒಟ್ಟು ಮಾಡುವ ಅಕ್ಕಂದಿರು. ಗೋದಾಮಿನ ಸಾಹುಕಾರರೂ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು. ಈ ಮಾತಿನಲ್ಲಿ ಅರ್ಧ ಪಾಲು ಅವರಿಗೇ ಮುಟ್ಟಬೇಕಾದದ್ದು.

ಇಂದಿನ ವಿಷಯ ಫೋರ್ಕ್‌ಲಿಫ್ಟ್ ಅಪಘಾತ. ಮುಂದೆ ಎರಡು ಉಕ್ಕಿನ ಕೊಂಬು ಚಾಚಿಕೊಂಡು, ಹಲಗೆಯ ಮೇಲಿನ ಸರಕನ್ನು ಎತ್ತಿ ಒಯ್ಯುತ್ತದಲ್ಲ, ಆ ಗಾಡಿ. ಅದು ಜನರಿಗೆ ಬಡಿಯದಂತೆ ತಡೆಯಲು ಈಗ ಒಳ್ಳೊಳ್ಳೆಯ ಉಪಕರಣಗಳು ಬಂದಿವೆ. ಅವುಗಳ ಬಗ್ಗೆ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಒಂದೇ ಒಂದು ಮಾತು ಹೇಳಿಬಿಡುತ್ತೇನೆ, ಮಾತು ಮುಗಿಯುವುದರೊಳಗೆ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಜನ ನಡೆಯುವ ದಾರಿ ಬೇರೆ ಇರಬೇಕು, ಗಾಡಿ ಓಡುವ ದಾರಿ ಬೇರೆ ಇರಬೇಕು. ಮೊದಲು ದಾರಿ, ಆಮೇಲೆ ಯಂತ್ರ.

ಗಾತ್ರ ನೋಡಿದರೆ ಫೋರ್ಕ್‌ಲಿಫ್ಟ್ ಒಂದು ಕಾರಿಗಿಂತ ದೊಡ್ಡದಲ್ಲ. ಅದಕ್ಕೇ ಜನ ಅದಕ್ಕೆ ಅಂಜುವುದಿಲ್ಲ. ಮೂರು ಟನ್ ಎತ್ತುವ ಗಾಡಿಯ ಸ್ವಂತ ತೂಕವೇ ನಾಲ್ಕು ಟನ್ ದಾಟುತ್ತದೆ. ಮುಂದೆ ಹೊರೆ ಎತ್ತಿದಾಗ ಮುಗ್ಗರಿಸಬಾರದು ಎಂದು ಹಿಂಭಾಗದಲ್ಲಿ ಎರಕದ ಭಾರ ಕೂರಿಸಿರುತ್ತಾರೆ. ಹೊರೆ ಸೇರಿದರೆ ಏಳು ಟನ್. ಗಂಟೆಗೆ ಹತ್ತು ಕಿಲೋಮೀಟರ್ ಎಂದರೆ ಸೈಕಲ್ ತುಳಿಯುವಷ್ಟೇ ವೇಗ, ನಿಜ. ಆದರೂ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಮೀಟರ್ ಮುಂದೆ ಬಂದಿರುತ್ತದೆ. ಚಾಲಕ ನಿಮ್ಮನ್ನು ನೋಡಿ, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಆ ಮೂರು ಮೀಟರ್ ಹೋಯಿತು. ಅದೂ ಅವನು ನೋಡಿದರೆ. ಮುಂದೆ ಆಳೆತ್ತರ ಚೀಲ ಏರಿಸಿಕೊಂಡವನಿಗೆ ಎದುರು ಕಾಣುವುದು ಚೀಲ ಮಾತ್ರ.

ಇನ್ನೊಂದಿದೆ. ಈ ಗಾಡಿಯಲ್ಲಿ ತಿರುಗುವುದು ಹಿಂದಿನ ಗಾಲಿ. ಎತ್ತಿನ ಬಂಡಿಯಾದರೆ ಎತ್ತು ತಿರುಗಿದ ಕಡೆಗೆ ಬಂಡಿ ಹಿಂಬಾಲಿಸುತ್ತದೆ. ಇಲ್ಲಿ ಮೂತಿ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ. ಗಾಡಿ ತಮ್ಮನ್ನು ದಾಟಿ ಹೋಯಿತು ಎಂದು ನಿರಾಳವಾಗಿ ಪಕ್ಕದಲ್ಲಿ ನಿಂತವರನ್ನೇ ಆ ಬಾಲ ಗೋಡೆಗೆ, ಇಲ್ಲವೇ ಚೀಲದ ಅಟ್ಟಿಗೆ ಒತ್ತಿಬಿಡುತ್ತದೆ. ಹಮಾಲಿ ಅಣ್ಣಂದಿರೇ, ಗಾಡಿ ತಿರುಗುತ್ತಿರುವಾಗ ಅದರ ಹಿಂಬದಿಯ ಪಕ್ಕದಲ್ಲಿ ನಿಲ್ಲಲೇಬೇಡಿ.

ಈಗ ಉಪಕರಣದ ಮಾತು. ಮೊದಲನೆಯದು ನೀಲಿ ದೀಪ. ಗಾಡಿಯ ನೆತ್ತಿಯ ಮೇಲೆ ಕೂರಿಸುತ್ತಾರೆ. ಗಾಡಿಗಿಂತ ಕೆಲವು ಮೀಟರ್ ಮುಂದೆ ನೆಲದ ಮೇಲೆ ಒಂದು ನೀಲಿ ಚುಕ್ಕೆ ಬೀಳುತ್ತದೆ. ಅಟ್ಟಿಯ ಮರೆಯಿಂದ ಗಾಡಿ ಹೊರಬರುವ ಮೊದಲೇ ಚುಕ್ಕೆ ಬರುತ್ತದೆ. ಬ್ಯಾಟರಿ ಗಾಡಿಗಳಿಗೆ ಸದ್ದಿಲ್ಲ, ಹತ್ತಿರ ಬಂದದ್ದು ಕಿವಿಗೆ ತಿಳಿಯುವುದಿಲ್ಲ, ಆದ್ದರಿಂದ ಅವುಗಳಿಗೆ ಇದು ಬೇಕೇ ಬೇಕು. ಎರಡು ಬದಿಗೂ ನೆಲದ ಮೇಲೆ ಕೆಂಪು ಗೆರೆ ಎಳೆಯುವ ದೀಪಗಳಿವೆ. ಗೆರೆಯ ಒಳಗೆ ಕಾಲಿಡಬಾರದು, ಅಷ್ಟೇ. ಇದನ್ನು ಓದಲು ಅಕ್ಷರ ಬರಬೇಕಾಗಿಲ್ಲ. ಬಿಹಾರದಿಂದ ಬಂದ ಹುಡುಗನಿಗೂ ತಿಳಿಯುತ್ತದೆ, ದೇವದುರ್ಗದಿಂದ ಬಂದ ಅಜ್ಜನಿಗೂ ತಿಳಿಯುತ್ತದೆ.

ಎರಡನೆಯದು ಬಿಲ್ಲೆ. ಒಂದು ಬೆಂಕಿಪೊಟ್ಟಣದಷ್ಟು ಸಾಧನ, ಸೊಂಟದ ಪಟ್ಟಿಗೋ ತೋಳಿಗೋ ಕಟ್ಟಿಕೊಳ್ಳುವುದು. ಗಾಡಿಯ ಮೇಲೆ ಅದರ ಜೋಡಿ ಸಾಧನ ಇರುತ್ತದೆ. ಎರಡರ ನಡುವೆ ರೇಡಿಯೋ ಅಲೆ ಹೋಗಿ ಬರುತ್ತದೆ, ಅದು ಹೋಗಿ ಬರುವ ಸಮಯದಿಂದ ನಡುವಿನ ಅಂತರ ಎಷ್ಟು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಮನುಷ್ಯ ಹತ್ತಿರ ಬಂದರೆ ಚಾಲಕನಿಗೆ ಸದ್ದು, ಕಟ್ಟಿಕೊಂಡವನಿಗೆ ಬಿಲ್ಲೆಯ ಅದುರಾಟ. ಇನ್ನೂ ಹತ್ತಿರವಾದರೆ ಗಾಡಿ ತಾನಾಗಿ ನಿಧಾನವಾಗುತ್ತದೆ. ಕ್ಯಾಮೆರಾ ನೋಟಕ್ಕೆ ಸಿಕ್ಕವರನ್ನು ಮಾತ್ರ ಹಿಡಿಯುತ್ತದೆ, ಬಿಲ್ಲೆ ಮರೆಯಲ್ಲಿದ್ದವರನ್ನೂ ಹಿಡಿಯುತ್ತದೆ. ಬಹಳ ಒಳ್ಳೆಯ ಸಾಧನ. ಆದರೆ ಮೊದಲು ದಾರಿ, ಆಮೇಲೆ ಯಂತ್ರ ಎಂದೆನಲ್ಲ, ಅದು ಯಾಕೆ ಎಂದು ತಿಳಿಯಬೇಕಾದರೆ ಗಂಗಾವತಿ ಕಡೆಯ ಒಂದು ಗೋದಾಮಿನ ಕಥೆ ಹೇಳಲೇಬೇಕು. ಗೋದಾಮಿನ ಹೆಸರು ಬೇಡ.

ಅಲ್ಲಿನ ಸಾಹುಕಾರರು ದುಡ್ಡಿನ ಮುಖ ನೋಡದೆ ಎಲ್ಲ ಗಾಡಿಗಳಿಗೂ ಈ ಬಿಲ್ಲೆಯ ವ್ಯವಸ್ಥೆ ಹಾಕಿಸಿದ್ದರು. ಕೆಲವು ತಿಂಗಳ ನಂತರ ನನ್ನನ್ನು ಕರೆಸಿದರು. "ಇಷ್ಟು ಖರ್ಚು ಮಾಡಿದೆ ಸರ್, ಮೊನ್ನೆ ಮತ್ತೆ ಒಬ್ಬನ ಕಾಲಿನ ಹತ್ತಿರಕ್ಕೆ ಹೋಗಿ ನಿಂತಿದೆ. ಕಂಪನಿಯವರು ಮೋಸ ಮಾಡಿದರು" ಎಂಬುದು ಅವರ ದೂರು. ನಾನು ಮೊದಲು ಗಾಡಿ ನೋಡಿದೆ. ಚಾಲಕನ ತಲೆಯ ಹತ್ತಿರ ಸದ್ದು ಮಾಡುವ ಡಬ್ಬಿ ಇತ್ತು, ಅದರಿಂದ ಇಳಿದ ತಂತಿಯನ್ನು ಕತ್ತರಿಸಲಾಗಿತ್ತು. ಒರಟಾಗಿ ಕಿತ್ತದ್ದಲ್ಲ. ಎರಡೂ ತುದಿಗೆ ಕಪ್ಪು ಟೇಪು ಸುತ್ತಿ, ಮಡಚಿ, ಕಂಬಿಯ ಹಿಂದೆ ಯಾರಿಗೂ ಕಾಣದಂತೆ ಸಿಕ್ಕಿಸಿದ್ದರು. ಕೆಲಸ ಬಲ್ಲವನ ಕೈ ಅದು.

ಸಾಹುಕಾರರು ಚಾಲಕನ ಮೇಲೆ ಹರಿಹಾಯ್ದರು. ಅವರನ್ನು ತಡೆದು ನಾನು ಅವನನ್ನೇ ಕೇಳಿದೆ, "ಯಾಕಪ್ಪಾ ಕತ್ತರಿಸಿದೆ?" ಅವನು ಹೆದರದೆ ಹೇಳಿದ: "ಸರ್, ಬೆಳಿಗ್ಗೆ ಗಾಡಿ ಹತ್ತಿದಾಗಿನಿಂದ ಸಂಜೆ ಇಳಿಯುವವರೆಗೆ ಇದು ಕೂಗುತ್ತಲೇ ಇರುತ್ತದೆ. ಇದರಲ್ಲಿ ಯಾವ ಕೂಗನ್ನು ನಂಬಲಿ?"

ಕೇಳುಗರೇ, ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ತಂತಿ ಕತ್ತರಿಸಿದ್ದು ತಪ್ಪು, ಪ್ರಶ್ನೆ ಸರಿ. ತಂತಿ ಜೋಡಿಸಲು ಹೇಳಿ, ಮಧ್ಯಾಹ್ನವೆಲ್ಲ ಅಲ್ಲೇ ಒಂದು ಮೂಲೆಯಲ್ಲಿ ನಿಂತು ನೋಡಿದೆ. ಏಪ್ರಿಲ್ ತಿಂಗಳು, ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಕುಡಿಯುವ ನೀರಿನ ಹರವಿಯನ್ನು ತಂಪಿರುತ್ತದೆ ಎಂದು ಗೋದಾಮಿನ ನಡುಮಧ್ಯದ ಕಂಬದ ಬುಡದಲ್ಲಿ ಇಟ್ಟಿದ್ದರು. ಹಮಾಲರೆಲ್ಲ ಲಾರಿ ನಿಲ್ಲುವ ಬದಿಯಲ್ಲಿ. ಒಬ್ಬೊಬ್ಬರೂ ನೀರು ಕುಡಿಯಲು ಗಾಡಿ ಓಡುವ ದಾರಿಯನ್ನು ಅಡ್ಡ ದಾಟಿ ಹೋಗಬೇಕು, ಮತ್ತೆ ದಾಟಿ ಬರಬೇಕು. ಪ್ರತಿ ಸಲವೂ ಕೂಗು. ಜನ ಹೋಗಿ ಬರುವುದಕ್ಕೆಂದೇ ಕಟ್ಟಿದ ಸಣ್ಣ ಬಾಗಿಲು ಒಂದಿತ್ತು, ಅದಕ್ಕೆ ಅಡ್ಡವಾಗಿ ಖಾಲಿ ಚೀಲಗಳ ಕಟ್ಟು ಒಟ್ಟಿದ್ದರು. ಆದ್ದರಿಂದ ಜನ, ಗಾಡಿ, ಚಹಾ ತರುವ ಹುಡುಗ ಎಲ್ಲರೂ ಒಂದೇ ದೊಡ್ಡ ಬಾಗಿಲಿನಲ್ಲಿ.

ಎಲ್ಲಕ್ಕಿಂತ ಕೆಟ್ಟದ್ದು ಆ ದೊಡ್ಡ ಬಾಗಿಲಿನ ಪಕ್ಕದ ಮೊಳೆ. ಬಿಲ್ಲೆ ಕಟ್ಟಿಕೊಂಡರೆ ಸೆಕೆ, ಚೀಲ ಹೊರುವಾಗ ಸೊಂಟಕ್ಕೆ ಒತ್ತುತ್ತದೆ ಎಂದು ಅರ್ಧಕ್ಕರ್ಧ ಜನ ಪಟ್ಟಿ ಬಿಚ್ಚಿ ಆ ಮೊಳೆಗೆ ತೂಗುಹಾಕಿದ್ದರು. ಬಿಲ್ಲೆಗಳ ಗೊಂಚಲು ಬಾಗಿಲಲ್ಲಿ ತೂಗುತ್ತಿದೆ, ಗಾಡಿ ಬಾಗಿಲು ದಾಟಿದಾಗಲೆಲ್ಲ ಯಂತ್ರ "ಮನುಷ್ಯರಿದ್ದಾರೆ, ಮನುಷ್ಯರಿದ್ದಾರೆ" ಎಂದು ಕೂಗುತ್ತಿದೆ. ಆ ಮನುಷ್ಯರು ಒಳಗೆ ಅಟ್ಟಿಯ ಹಿಂದೆ, ಬಿಲ್ಲೆ ಇಲ್ಲದೆ ಬರಿಮೈಯಲ್ಲಿ. ಯಂತ್ರ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವಂತೆ ನಾವು ಮಾಡಿದ್ದೆವು.

ಮರುದಿನ ಮಾಡಿಸಿದ್ದು ಇಷ್ಟು. ಹರವಿಯನ್ನು ಹಮಾಲರ ಬದಿಗೆ ತಂದು, ಹಸಿ ಗೋಣಿ ಸುತ್ತಿ ಇಟ್ಟೆವು. ಖಾಲಿ ಚೀಲದ ಕಟ್ಟು ತೆಗೆಸಿ ಸಣ್ಣ ಬಾಗಿಲು ತೆರೆದೆವು. ಅಲ್ಲಿಂದ ಲಾರಿಯ ಬದಿಯವರೆಗೆ ಸೊಂಟದೆತ್ತರಕ್ಕೆ ಕಬ್ಬಿಣದ ಪೈಪು ನೆಟ್ಟು ಕಟಾಂಜನ ಹಾಕಿಸಿದೆವು. ನಡುವೆ ದಾಟಲು ಒಂದೇ ಒಂದು ಜಾಗ, ಅಲ್ಲೂ ಕೈಯಿಂದ ಎಳೆದು ತೆಗೆಯುವ ಗೇಟು. ಬಿಲ್ಲೆಗಳನ್ನು ಮೊಳೆಯಿಂದ ಇಳಿಸಿ ಮೇಸ್ತ್ರಿಯ ಮೇಜಿಗೆ ತಂದು, ಹಾಜರಿ ಹಾಕುವಾಗ ಕೈಗೆ ಕೊಡುವುದು, ಕೂಲಿ ಬರೆಸುವಾಗ ವಾಪಸು ಪಡೆಯುವುದು ಎಂದು ಗೊತ್ತು ಮಾಡಿದೆವು. ಸೊಂಟಕ್ಕೆ ಒತ್ತುತ್ತದೆ ಎಂದವರಿಗೆ ತೋಳಿನ ಪಟ್ಟಿ ಕೊಟ್ಟೆವು. ಪೈಪು, ಬಣ್ಣ, ವೆಲ್ಡಿಂಗ್ ಕೂಲಿ ಎಲ್ಲ ಸೇರಿಸಿದರೂ ಯಂತ್ರಕ್ಕೆ ಸುರಿದ ಹಣದ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಆ ಮೇಲೆ ಗಾಡಿ ದಿನವಿಡೀ ಕೂಗುವುದು ನಿಂತಿತು. ಅಪರೂಪಕ್ಕೆ ಕೂಗಿತು, ಕೂಗಿದಾಗ ಅಲ್ಲಿ ನಿಜವಾಗಿ ಒಬ್ಬ ಮನುಷ್ಯ ಇದ್ದ. ಮುಂದೊಮ್ಮೆ ಹೋದಾಗ ಅದೇ ಚಾಲಕ ಡಬ್ಬಿಯ ಮೇಲೆ ಕುಳಿತಿದ್ದ ಹೊಟ್ಟಿನ ಧೂಳನ್ನು ತನ್ನ ಹೆಗಲ ವಸ್ತ್ರದಿಂದ ಒರೆಸುತ್ತಿದ್ದ. ಸದ್ದು ಸರಿಯಾಗಿ ಕೇಳಬೇಕಲ್ಲ ಸರ್ ಎಂದ.

ಆದ್ದರಿಂದ ಸಾಹುಕಾರರೇ, ನಿಮ್ಮ ಗೋದಾಮಿಗೆ ಯಂತ್ರ ಮಾರುವವರು ಬಂದರೆ ಅವರ ಬಣ್ಣದ ಪುಸ್ತಕ ತೆರೆಯುವ ಮೊದಲು ಒಂದು ಸುತ್ತು ನಡೆಯಿರಿ. ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ, ಊಟಕ್ಕೆ ಎಲ್ಲಿ ಕೂರುತ್ತಾರೆ, ಬಿಲ್ಲು ಬರೆಸಲು ಲಾರಿ ಚಾಲಕ ಎಲ್ಲಿಂದ ಎಲ್ಲಿಗೆ ನಡೆಯುತ್ತಾನೆ ನೋಡಿ. ಜನ ಎಲ್ಲಿ ಗಾಡಿಯ ದಾರಿ ದಾಟುತ್ತಾರೋ ಆ ಜಾಗಗಳನ್ನು ಕಡಿಮೆ ಮಾಡಿ. ಮಾಡಲು ಸಾಧ್ಯವೇ ಇಲ್ಲದ ಜಾಗಕ್ಕೆ ಯಂತ್ರ ಹಾಕಿ. ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಬರುತ್ತದೆ, 1966ರ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಎಲ್ಲ ಕಡೆಯೂ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ, ಒಳ್ಳೆಯದೇ. ಆದರೆ ಮರುದಿನವೇ ನಡೆಯುವ ಹಳದಿ ಪಟ್ಟಿಯ ಮೇಲೆ ಚೀಲ ಒಟ್ಟಿರುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಜಾಗ ಇಲ್ಲ ಎನ್ನಬೇಡಿ. ಜನ ನಡೆಯಲು ಜಾಗವಿಲ್ಲದಷ್ಟು ತುಂಬಿದ್ದರೆ ಆ ಗೋದಾಮಿಗೆ ಅಳತೆ ಮೀರಿ ತುಂಬಿದ್ದೀರಿ ಎಂದೇ ಅರ್ಥ.

ಸಮಯ ಹತ್ತಿರ ಬರುತ್ತಿದೆ ಎಂದು ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ನಮ್ಮ ಕಡೆ ಹೆಚ್ಚು ಜಾಗ್ರತೆ ಬೇಕಾದದ್ದು ಬಾಗಿಲಿನಲ್ಲಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ. ಬಿಸಿಲಿನಿಂದ ಒಳಗೆ ನುಗ್ಗಿದ ಚಾಲಕನಿಗೆ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ, ಒಳಗೆ ನಿಂತವರಿಗೆ ಅವನು ಕಾಣುತ್ತಿರುತ್ತಾನೆ. ತನಗೆ ಅವನು ಕಂಡ ಮೇಲೆ ಅವನಿಗೂ ತಾನು ಕಂಡಿರುತ್ತೇನೆ ಎಂದು ನಂಬಿ ಅಡ್ಡ ಬರುತ್ತಾರೆ. ಬಾಗಿಲ ಒಳಬದಿಗೆ ಹಗಲಿನಲ್ಲೂ ಉರಿಯುವ ಪ್ರಖರ ದೀಪ ಹಾಕಿಸಿ. ಗಾಡಿ ಬಾಗಿಲಿನಲ್ಲಿ ನಿಂತು, ಹಾರ್ನ್ ಹೊಡೆದು ಒಳಗೆ ಬರಲಿ. ನೀಲಿ ಚುಕ್ಕೆ ಬಿಸಿಲಿನಲ್ಲಿ ಕಾಣುವುದಿಲ್ಲ, ಅಂಗಳದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಮನುಷ್ಯರನ್ನು ಗುರುತು ಹಿಡಿಯುವ ಕ್ಯಾಮೆರಾ ಬಂದಿದೆ. ಚೀಲಕ್ಕೂ ಮನುಷ್ಯನಿಗೂ ವ್ಯತ್ಯಾಸ ಅದಕ್ಕೆ ಗೊತ್ತು, ಮನುಷ್ಯ ಕಂಡರೆ ಮಾತ್ರ ಕೂಗುತ್ತದೆ. ಬಿಲ್ಲೆ ಇಲ್ಲದೆ ಬರುವ ಲಾರಿ ಚಾಲಕರು, ರೈತರು ಓಡಾಡುವ ಕಡೆ ಇದು ಉತ್ತಮ. ಹತ್ತಿಯ ನವಿರು, ಅಕ್ಕಿಯ ಹೊಟ್ಟು ಮಸೂರದ ಮೇಲೆ ಕೂರುತ್ತದೆ, ಪಾಳಿ ಶುರುವಾಗುವಾಗ ಒರೆಸಲೇಬೇಕು. ಒಳಗೆ ಬಂದ ಕೂಡಲೇ ವೇಗ ತಾನಾಗಿ ತಗ್ಗುವಂತೆ ಕಟ್ಟುವ ವ್ಯವಸ್ಥೆಯೂ ಇದೆ, ಇರುವುದರಲ್ಲಿ ಒಂದನ್ನೇ ಕೊಳ್ಳುತ್ತೇನೆ ಎನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ತಿರುವಿನಲ್ಲಿ ಉಬ್ಬುಗನ್ನಡಿ ಹಾಕಿ, ಅಗ್ಗದ ವಸ್ತು.

ಚಾಲಕ ತಮ್ಮಂದಿರೇ, ಹೊರೆ ಎದುರು ಮರೆಯಾದರೆ ಗಾಡಿಯನ್ನು ಹಿಮ್ಮುಖವಾಗಿ ಓಡಿಸಿ. ಇಳಿಜಾರು ಇಳಿಯುವಾಗ ಹೊರೆ ಇಳಿಜಾರಿನ ಮೇಲ್ಬದಿಗೇ ಇರಲಿ, ಅಂದರೆ ಹಿಮ್ಮುಖವಾಗಿ ಇಳಿಯಿರಿ. ಕೊಂಬನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತಿ ಓಡಿಸಿ. ಸೊಂಟದ ಬೆಲ್ಟ್ ಕಟ್ಟಿಕೊಳ್ಳಿ. ಗಾಡಿ ವಾಲಿದರೆ ಹೊರಗೆ ಜಿಗಿಯಬೇಡಿ, ಜಿಗಿದವನ ಮೇಲೆಯೇ ಗಾಡಿ ಬೀಳುತ್ತದೆ. ಸ್ಟಿಯರಿಂಗ್ ಚಕ್ರವನ್ನು ಗಟ್ಟಿಯಾಗಿ ಹಿಡಿದು, ಕಾಲೂರಿ, ವಾಲುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ಕುಳಿತಲ್ಲೇ ಕುಳಿತಿರಿ. ಇಳಿದು ಹೋಗುವಾಗ ಕೊಂಬು ನೆಲಕ್ಕೆ ಇಳಿಸಿ, ಬ್ರೇಕ್ ಹಾಕಿ, ಕೀಲಿ ಜೇಬಿಗೆ ಹಾಕಿಕೊಳ್ಳಿ.

ನಾಳೆ ಕೆಲಸಕ್ಕೆ ಹೋದಾಗ ಹಮಾಲಿ ಅಣ್ಣಂದಿರು ಮೇಸ್ತ್ರಿಯನ್ನು ಒಂದೇ ಪ್ರಶ್ನೆ ಕೇಳಿ: ನಾವು ನಡೆಯುವ ದಾರಿ ಯಾವುದು? ಬೆರಳು ಮಾಡಿ ತೋರಿಸಲು ಅವನಿಗೆ ಆಗದಿದ್ದರೆ, ಆ ದಾರಿ ಗುರುತು ಮಾಡಿಸುವವರೆಗೆ ಗಾಡಿ ಓಡುವ ಕಡೆ ಕಾಲಿಡುವುದಿಲ್ಲ ಎಂದು ಎಲ್ಲರೂ ಒಟ್ಟಾಗಿ ಹೇಳಿ. ನಮಸ್ಕಾರ.